ಹರಿದ ರಕ್ತ ಮರಳಿ ಮೈಗೆ: ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ಸ್ವಂತ ರಕ್ತವನ್ನು ಉಳಿಸಿಕೊಳ್ಳುವ ಬಗೆ

ದೊಡ್ಡ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ಕೂಡಲೇ ಆಸ್ಪತ್ರೆಯವರು ಮನೆಯವರಿಗೆ ಹೇಳುವ ಮೊದಲ ಮಾತುಗಳಲ್ಲಿ ಒಂದು, ಎರಡು ಯೂನಿಟ್ ರಕ್ತ ತಯಾರಿರಲಿ ಎಂಬುದು. ಪಾವಗಡ, ಮಧುಗಿರಿಯಿಂದ ತುಮಕೂರಿಗೆ ಬಂದವರಾಗಲಿ, ಮುಳಬಾಗಿಲು, ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಂದವರಾಗಲಿ, ಬಾಗೇಪಲ್ಲಿ, ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಂದವರಾಗಲಿ, ಆ ಮಾತು ಕೇಳಿದೊಡನೆ ಊರಿನ ಹುಡುಗರಿಗೆ, ನೆಂಟರಿಗೆ ಫೋನು ಮಾಡಲು ತೊಡಗುತ್ತಾರೆ. ಹೃದಯ, ಬೆನ್ನುಮೂಳೆ, ಸೊಂಟದ ಕೀಲು ಮುಂತಾದ ಶಸ್ತ್ರಚಿಕಿತ್ಸೆಗಳಿಗಾಗಿ ಬೆಂಗಳೂರಿಗೆ ಹೋದವರಿಗೆ ಇದರ ಜೊತೆಗೆ ಇನ್ನೊಂದು ಮಾತೂ ಕೇಳಿಸಬಹುದು: ‘ಸೆಲ್ ಸೇವರ್ ಬಳಸುತ್ತೇವೆ, ನಿಮ್ಮ ರಕ್ತವನ್ನೇ ನಿಮಗೆ ವಾಪಸ್ ಕೊಡುತ್ತೇವೆ, ಇಲ್ಲಿ ಸಹಿ ಮಾಡಿ.’ ಸೆಲ್ ಸೇವರ್ ಎಂದರೆ ಶಸ್ತ್ರಚಿಕಿತ್ಸೆಯಲ್ಲಿ ಹರಿದ ರಕ್ತವನ್ನು ಹಿಡಿದು, ತೊಳೆದು ಮರಳಿಸುವ ಯಂತ್ರ. ಸಹಿ ಮಾಡುವವರಿಗೆ ಹತ್ತಾರು ಅನುಮಾನಗಳು ಏಳುವುದು ಸಹಜ. ಮೈಯಿಂದ ಹೊರಗೆ ಬಿದ್ದ ರಕ್ತ ಕೆಟ್ಟುಹೋಗುವುದಿಲ್ಲವೇ? ಅದರಲ್ಲಿ ಕೊಳೆ ಸೇರಿರುವುದಿಲ್ಲವೇ? ಹಾಗೆ ಕೊಡುವುದಾದರೆ ಮತ್ತೆ ಎರಡು ಯೂನಿಟ್ ಏಕೆ ತರಬೇಕು?

ಈ ಪ್ರಶ್ನೆಗಳಿಗೆಲ್ಲ ಉತ್ತರವಿದೆ. ಅದನ್ನು ತಿಳಿಯಲು ಮೊದಲು ರಕ್ತದಲ್ಲಿ ಏನೇನಿದೆ ಎಂಬುದನ್ನು ನೋಡಬೇಕು.

ರಕ್ತದಲ್ಲಿ ಏನಿದೆ, ಎಷ್ಟಿದೆ

ವಯಸ್ಕರ ಮೈಯಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು 65ರಿಂದ 70 ಮಿಲಿಲೀಟರ್‌ನಷ್ಟು ರಕ್ತವಿರುತ್ತದೆ. ಅರವತ್ತು ಕಿಲೋ ತೂಗುವವರಲ್ಲಿ ಸುಮಾರು ನಾಲ್ಕು ಲೀಟರ್. ಇದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲು ಪ್ಲಾಸ್ಮಾ ಎಂಬ ಹಳದಿ ಬಣ್ಣದ ದ್ರವ. ಉಳಿದದ್ದು ಬಹುಪಾಲು ಕೆಂಪು ರಕ್ತಕಣಗಳು. ಬಿಳಿ ರಕ್ತಕಣಗಳು ಮತ್ತು ಪ್ಲೇಟ್‌ಲೆಟ್‌ಗಳು ಸೇರಿದರೂ ಒಟ್ಟಿನಲ್ಲಿ ಅವುಗಳ ಪಾಲು ಬಹಳ ಸಣ್ಣದು.

ಕೆಂಪು ಕಣಗಳ ಕೆಲಸ ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೆ ತಲುಪಿಸುವುದು. ಈ ಕೆಲಸವನ್ನು ಅವುಗಳೊಳಗಿನ ಹಿಮೋಗ್ಲೋಬಿನ್ ಮಾಡುತ್ತದೆ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್‌ಗಳು ಮತ್ತು ಪ್ಲಾಸ್ಮಾದಲ್ಲಿರುವ ಕೆಲವು ಪ್ರೋಟೀನುಗಳು ಸೇರಿ ಗಾಯವಾದ ಜಾಗದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಆಮ್ಲಜನಕ ಹೊರುವುದು ಒಂದು ಕೆಲಸ, ರಕ್ತಸ್ರಾವ ನಿಲ್ಲಿಸುವುದು ಇನ್ನೊಂದು ಕೆಲಸ. ಎರಡನ್ನೂ ಮಾಡುವುದು ರಕ್ತದ ಬೇರೆಬೇರೆ ಭಾಗಗಳು. ಈ ಲೇಖನದಲ್ಲಿ ಮುಂದೆ ಬರುವ ಬಹುತೇಕ ಸಂಗತಿಗಳು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆಯಾದ್ದರಿಂದ ಓದುಗರು ಇದೊಂದನ್ನು ಗಮನದಲ್ಲಿಟ್ಟುಕೊಂಡರೆ ಸಾಕು.

ರಕ್ತ ಕಳೆದುಕೊಂಡಾಗ ಸಲೈನ್ ಏರಿಸಿ ದ್ರವದ ಪ್ರಮಾಣವನ್ನು ಬೇಗನೆ ತುಂಬಬಹುದು. ಆದರೆ ಸಲೈನ್ ಆಮ್ಲಜನಕವನ್ನು ಹೊರುವುದಿಲ್ಲ. ಕೆಂಪು ಕಣಗಳು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ತೊಂದರೆಯಾಗುವುದರಿಂದ ಹೊರಗಿನಿಂದ ಕೆಂಪು ಕಣಗಳನ್ನು ಕೊಡಲೇಬೇಕಾಗುತ್ತದೆ.

ಬೇರೆಯವರ ರಕ್ತ ಪಡೆಯುವುದರಲ್ಲಿರುವ ತೊಡಕುಗಳು

ದಾನಿಯ ರಕ್ತ ಇಂದು ಹಿಂದೆಂದಿಗಿಂತಲೂ ಸುರಕ್ಷಿತ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ಬಗ್ಗೆ ಪ್ರಕಟಿಸಿದ ಸಂಶೋಧನೆಯಿಂದ ಯಾರ ರಕ್ತ ಯಾರಿಗೆ ಹೊಂದುತ್ತದೆ ಎಂಬುದು ತಿಳಿಯಿತು. ನಮ್ಮ ದೇಶದಲ್ಲಿ ದಾನಿಯ ಪ್ರತಿಯೊಂದು ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ. ಹಣಕ್ಕಾಗಿ ರಕ್ತ ಮಾರುವವರಿಂದ ರಕ್ತ ಪಡೆಯುವುದನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪು ನಿಲ್ಲಿಸಿತು.

ಹೀಗಿದ್ದರೂ ಕೆಲವು ಅಪಾಯಗಳು ಉಳಿದೇ ಇವೆ. ಸೋಂಕು ತಗಲಿದ ಹೊಸತರಲ್ಲಿ ಪರೀಕ್ಷೆ ಅದನ್ನು ಹಿಡಿಯಲಾರದ ಒಂದು ಅವಧಿ ಇರುತ್ತದೆ. ಹೆಸರು ಅಥವಾ ಚೀಟಿ ಅದಲುಬದಲಾಗಿ ಹೊಂದದ ಗುಂಪಿನ ರಕ್ತ ಹೋದರೆ ಜೀವಕ್ಕೇ ಅಪಾಯ. ಬೇರೆಯವರ ರಕ್ತವನ್ನು ಹಲವು ಸಲ ಪಡೆದವರ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಬೆಳೆದು, ಮುಂದೆ ಅವರಿಗೆ ಹೊಂದುವ ರಕ್ತ ಸಿಗುವುದೇ ಕಷ್ಟವಾಗಬಹುದು. ಅಪರೂಪದ ಗುಂಪಿನವರ ಪಾಡು ಇನ್ನೂ ಕಠಿಣ. 1952ರಲ್ಲಿ ಮುಂಬೈಯಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ರಕ್ತಗುಂಪು ಭಾರತದಲ್ಲಿ ಸರಿಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಂಡುಬರುತ್ತದೆ ಎಂಬ ಅಂದಾಜಿದೆ. ಎಲ್ಲರಿಗೂ ಹೊಂದುತ್ತದೆ ಎಂದು ಹೆಸರಾದ ಓ ನೆಗೆಟಿವ್ ರಕ್ತವನ್ನು ಕೂಡ ಇವರಿಗೆ ಕೊಡುವಂತಿಲ್ಲ.

ಇನ್ನು ರಕ್ತ ಸಿಗುವ ಮಾತು. ಕೆಂಪು ಕಣಗಳ ಚೀಲವನ್ನು ತಣ್ಣಗೆ ಇಟ್ಟರೂ ಹೆಚ್ಚೆಂದರೆ 42 ದಿನ ಬಳಸಬಹುದು. ದಾನಿಗಳಲ್ಲಿ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ಕೊಡಬಹುದು. ಕಾಲೇಜುಗಳಿಗೆ ರಜೆ ಬಿದ್ದು ಶಿಬಿರಗಳು ಕಡಿಮೆಯಾಗುವ ಬೇಸಿಗೆಯಲ್ಲಿ ರಕ್ತನಿಧಿ ಕೇಂದ್ರಗಳ ಸಂಗ್ರಹ ತಗ್ಗುತ್ತದೆ. ಆದರೆ ಅಪಘಾತಗಳು ರಜೆ ನೋಡಿ ಬರುವುದಿಲ್ಲ. ತುಮಕೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48, ಕೋಲಾರದ 75, ಚಿಕ್ಕಬಳ್ಳಾಪುರದ 44, ಈ ಮೂರೂ ದಿನವಿಡೀ ಭಾರಿ ವಾಹನಗಳು ಓಡುವ ರಸ್ತೆಗಳು. ಅಲ್ಲಿ ಗಾಯಗೊಂಡವರಿಗೆ ಬೇಕಾದ ರಕ್ತವೂ ಮೊದಲೇ ದಿನ ಗೊತ್ತುಮಾಡಿಕೊಂಡ ಶಸ್ತ್ರಚಿಕಿತ್ಸೆಗಳಿಗೆ ಬೇಕಾದ ರಕ್ತವೂ ಒಂದೇ ಕಪಾಟಿನಿಂದ ಬರಬೇಕು. ರೋಗಿಯ ಮೈಯಿಂದ ಹರಿದ ರಕ್ತವನ್ನೇ ಉಳಿಸಿಕೊಂಡರೆ ಆ ಕಪಾಟಿನಲ್ಲಿ ಒಂದು ಚೀಲ ಇನ್ನೊಬ್ಬರಿಗೆ ಉಳಿಯುತ್ತದೆ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವುದು

ಶಸ್ತ್ರಚಿಕಿತ್ಸೆ ನಡೆಯುವಾಗ ಕೊಯ್ದ ಜಾಗದಲ್ಲಿ ತುಂಬುವ ರಕ್ತವನ್ನು ಒಂದು ಕೊಳವೆಯಿಂದ ಹೀರಿ ತೆಗೆಯುತ್ತಲೇ ಇರಬೇಕಾಗುತ್ತದೆ, ಇಲ್ಲವಾದರೆ ವೈದ್ಯರಿಗೆ ಒಳಗಿನದು ಕಾಣುವುದಿಲ್ಲ. ಸಾಮಾನ್ಯವಾಗಿ ಹೀಗೆ ಹೀರಿದ ರಕ್ತ ಒಂದು ಜಾಡಿಯಲ್ಲಿ ಸೇರಿ, ಕೊನೆಗೆ ಆಸ್ಪತ್ರೆಯ ತ್ಯಾಜ್ಯದೊಂದಿಗೆ ಹೋಗುತ್ತದೆ. ಸೆಲ್ ಸೇವರ್ ಬಳಸುವಲ್ಲಿ ಈ ಕೊಳವೆಯ ಜಾಗದಲ್ಲಿ ಎರಡು ದಾರಿಗಳಿರುವ ಬೇರೊಂದು ಕೊಳವೆ ಇರುತ್ತದೆ. ಒಂದು ದಾರಿಯಲ್ಲಿ ರಕ್ತ ಮೇಲೇರಿ ಬಂದರೆ ಇನ್ನೊಂದು ದಾರಿಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಹನಿಹನಿಯಾಗಿ ಕೊಳವೆಯ ತುದಿಗೇ ಬಂದು ರಕ್ತದೊಡನೆ ಬೆರೆಯುತ್ತದೆ. ಸಾಮಾನ್ಯವಾಗಿ ಒಂದು ಲೀಟರ್ ಸಲೈನ್‌ಗೆ 25,000ದಿಂದ 30,000 ಯೂನಿಟ್ ಹೆಪಾರಿನ್ ಸೇರಿಸಿ ಈ ಮಿಶ್ರಣವನ್ನು ತಯಾರಿಸುತ್ತಾರೆ. ಹೆಪಾರಿನ್ ಒಗ್ಗದವರಿಗೆ ಸಿಟ್ರೇಟ್ ದ್ರಾವಣ ಬಳಸುತ್ತಾರೆ.

ಹೀರುವ ಬಲವನ್ನು ಬೇಕೆಂದೇ ಕಡಿಮೆ ಇಡುತ್ತಾರೆ, ಸಾಮಾನ್ಯವಾಗಿ ಪಾದರಸದ 150 ಮಿಲಿಮೀಟರ್ ಮಟ್ಟದೊಳಗೆ. ಜೋರಾಗಿ ಎಳೆದರೆ, ಅದರಲ್ಲೂ ರಕ್ತದ ಜೊತೆಗೆ ಗಾಳಿಯೂ ನುಗ್ಗಿದರೆ, ಕೆಂಪು ಕಣಗಳು ಒಡೆದುಹೋಗುತ್ತವೆ. ಒಡೆದ ಕಣದಿಂದ ಪ್ರಯೋಜನವಿಲ್ಲ. ಆದ್ದರಿಂದ ಕೊಳವೆಯ ತುದಿಯನ್ನು ರಕ್ತದ ಮೇಲ್ಮೈಯಲ್ಲಿ ಆಡಿಸದೆ ರಕ್ತದೊಳಗೆ ಮುಳುಗಿಸಿ ಹಿಡಿಯುವುದು ಶಸ್ತ್ರಚಿಕಿತ್ಸಕರ ಕೈಗೆ ಬಿಟ್ಟ ಕೆಲಸ. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಎಷ್ಟು ರಕ್ತ ಮರಳುತ್ತದೆ ಎಂಬುದು ಬಹಳ ಮಟ್ಟಿಗೆ ಈ ಕೈಚಳಕವನ್ನೇ ಅವಲಂಬಿಸಿದೆ. ರಕ್ತ ಒರೆಸಿದ ಬಟ್ಟೆಯ ತುಂಡುಗಳಲ್ಲಿಯೂ ಸಾಕಷ್ಟು ರಕ್ತ ಉಳಿದಿರುತ್ತದೆ. ಅವುಗಳನ್ನು ಎಸೆಯದೆ ಸಲೈನ್‌ನಲ್ಲಿ ಅದ್ದಿ ಮೆಲ್ಲಗೆ ಹಿಂಡಿ, ಆ ನೀರನ್ನೂ ಇದೇ ಕೊಳವೆಯಿಂದ ಹೀರಿಕೊಳ್ಳುವ ಕ್ರಮವಿದೆ.

ಹೀರಿದ ರಕ್ತ ಒಂದು ಸಂಗ್ರಹಪಾತ್ರೆಗೆ ಬಂದು ಬೀಳುತ್ತದೆ. ಅಲ್ಲಿರುವ ಶೋಧಕ ಜಾಲರಿ ಮೂಳೆಯ ಚೂರು, ಕೊಬ್ಬಿನ ತುಣುಕು, ಹೆಪ್ಪುಗಟ್ಟಿದ ರಕ್ತದ ಗಂಟು ಮುಂತಾದವುಗಳನ್ನು ತಡೆಹಿಡಿಯುತ್ತದೆ. ಸಾಕಷ್ಟು ರಕ್ತ ಕೂಡಿದ ಮೇಲೆ ಅದು ಗಂಟೆಯಾಕಾರದ ಒಂದು ಬಟ್ಟಲಿಗೆ ಇಳಿಯುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಯಂತ್ರಗಳಲ್ಲಿ ಈ ಬಟ್ಟಲು ನಿಮಿಷಕ್ಕೆ ಐದು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ತಿರುಗಿಸುವುದರಿಂದ ಏನಾಗುತ್ತದೆ ಎಂಬುದು ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹೈನುಗಾರರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಕೆನೆ ತೆಗೆಯುವ ಯಂತ್ರದಲ್ಲಿ ಹಾಲನ್ನು ಜೋರಾಗಿ ತಿರುಗಿಸಿದಾಗ ಭಾರವಾದ ಹಾಲು ಹೊರಗಿನ ಅಂಚಿಗೆ ಸರಿದು, ಹಗುರವಾದ ಕೆನೆ ನಡುವೆ ಉಳಿದು ಬೇರೆ ದಾರಿಯಲ್ಲಿ ಹೊರಬರುತ್ತದೆ. ರಕ್ತದಲ್ಲಿ ಅತ್ಯಂತ ಭಾರವಾದದ್ದು ಕೆಂಪು ಕಣ. ಬಟ್ಟಲು ತಿರುಗಿದಂತೆ ಅವು ಹೊರಗೋಡೆಗೆ ಅಂಟಿಕೊಂಡು ದಟ್ಟವಾಗಿ ಕೂಡುತ್ತವೆ. ಹಗುರವಾದ ಪ್ಲಾಸ್ಮಾ, ಪ್ಲೇಟ್‌ಲೆಟ್‌ಗಳು, ಹೆಪಾರಿನ್, ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್, ಇವೆಲ್ಲ ನಡುವಿನಿಂದ ಉಕ್ಕಿ ತ್ಯಾಜ್ಯದ ಚೀಲಕ್ಕೆ ಹೋಗುತ್ತವೆ.

ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. ಬಟ್ಟಲು ತಿರುಗುತ್ತಿರುವಂತೆಯೇ ಕೂಡಿದ ಕೆಂಪು ಕಣಗಳ ನಡುವೆ ಸಲೈನ್ ಹಾಯಿಸಿ ತೊಳೆಯುತ್ತಾರೆ. ದೊಡ್ಡ ಬಟ್ಟಲಾದರೆ ಒಂದು ಸಲಕ್ಕೆ ಸುಮಾರು ಒಂದು ಲೀಟರ್ ಸಲೈನ್ ಹಿಡಿಯುತ್ತದೆ. ಈ ತೊಳೆತದ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ. ಕಣದಿಂದ ಬಿಡುಗಡೆಯಾದ ಹಿಮೋಗ್ಲೋಬಿನ್ ಹಾಗೆಯೇ ರಕ್ತನಾಳಕ್ಕೆ ಹೋದರೆ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಬೆರೆಸಿದ ಹೆಪಾರಿನ್ ಹಾಗೆಯೇ ಹೋದರೆ ಗಾಯದ ರಕ್ತಸ್ರಾವ ಹೆಚ್ಚಬಹುದು. ಗಾಯದಲ್ಲಿ ಈಗಾಗಲೇ ಹೆಪ್ಪುಗಟ್ಟಲು ತೊಡಗಿದ್ದ ಪ್ರೋಟೀನುಗಳು ಹಾಗೆಯೇ ಹೋದರೆ ಬೇಡದ ಕಡೆ ಹೆಪ್ಪುಗಟ್ಟುವ ಕ್ರಿಯೆ ಆರಂಭವಾಗಬಹುದು. ತೊಳೆತ ಇವೆಲ್ಲವನ್ನೂ ಬಹುಮಟ್ಟಿಗೆ ಹೊರಹಾಕುತ್ತದೆ.

ತೊಳೆದ ಕೆಂಪು ಕಣಗಳು ಸ್ವಲ್ಪ ಸಲೈನ್‌ನೊಂದಿಗೆ ಒಂದು ಚೀಲ ಸೇರುತ್ತವೆ. ಈ ಚೀಲದ ಮೇಲೆ ರೋಗಿಯ ಹೆಸರು, ಆಸ್ಪತ್ರೆಯ ಸಂಖ್ಯೆ, ಸಂಗ್ರಹಿಸಿದ ಸಮಯ, ಬಳಸಲು ಕೊನೆಯ ಸಮಯ ಎಲ್ಲವನ್ನೂ ಬರೆದು, ಅದನ್ನು ರೋಗಿಯ ಪಕ್ಕದಿಂದ ಕದಲಿಸದೆ ಅಲ್ಲಿಯೇ ಶೋಧಕವಿರುವ ಡ್ರಿಪ್ ಸೆಟ್‌ನ ಮೂಲಕ ರಕ್ತನಾಳಕ್ಕೆ ಏರಿಸುತ್ತಾರೆ. ಕೊಠಡಿಯ ಉಷ್ಣತೆಯಲ್ಲಿ ನಾಲ್ಕು ಗಂಟೆಯೊಳಗೆ ಕೊಟ್ಟು ಮುಗಿಸಬೇಕೆಂಬುದು ಸಾಮಾನ್ಯ ನಿಯಮ. ಬೇರೆಯವರ ಚೀಲದಂತೆ ಇದನ್ನು ಫ್ರಿಜ್‌ನಲ್ಲಿಟ್ಟು ನಾಳೆಗೆ ಕಾಯ್ದಿರಿಸುವಂತಿಲ್ಲ. ಚೀಲದೊಳಗೆ ಗಾಳಿ ಉಳಿದಿರಬಹುದಾದ್ದರಿಂದ ಹೊರಗಿನಿಂದ ಒತ್ತಡ ಹಾಕಿ ವೇಗವಾಗಿ ಏರಿಸುವುದೂ ನಿಷಿದ್ಧ. ಗಾಳಿಯ ಗುಳ್ಳೆ ರಕ್ತನಾಳ ಸೇರಿದರೆ ಪ್ರಾಣಾಪಾಯ.

ಯಂತ್ರವನ್ನು ನೋಡಿಕೊಳ್ಳುವವರು ಅರಿವಳಿಕೆ ವಿಭಾಗದ ತಂತ್ರಜ್ಞರು, ಹೃದಯ ಶಸ್ತ್ರಚಿಕಿತ್ಸೆಯಲ್ಲಾದರೆ ಹೆಚ್ಚಾಗಿ ಹೃದಯ-ಶ್ವಾಸಕೋಶ ಯಂತ್ರ ನಡೆಸುವ ತಂತ್ರಜ್ಞರಾದ ಪರ್ಫ್ಯೂಷನಿಸ್ಟ್‌ಗಳು. ಯಾವಾಗ, ಎಷ್ಟು ಏರಿಸಬೇಕೆಂಬುದು ಅರಿವಳಿಕೆ ತಜ್ಞರ ನಿರ್ಧಾರ.

ಮರಳಿ ಬರುವುದು ಯಾವುದು, ಬಾರದಿರುವುದು ಯಾವುದು

‘ನಿಮ್ಮ ರಕ್ತವನ್ನೇ ನಿಮಗೆ ವಾಪಸ್ ಕೊಡುತ್ತೇವೆ’ ಎಂಬ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಮರಳಿ ಬರುವುದು ಕೆಂಪು ಕಣಗಳು ಮಾತ್ರ. ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್‌ಗಳೂ ಪ್ಲಾಸ್ಮಾದ ಪ್ರೋಟೀನುಗಳೂ ತೊಳೆತದ ನೀರಿನೊಂದಿಗೆ ಹೋಗಿಬಿಟ್ಟಿರುತ್ತವೆ. ಒಂದು ಲೀಟರ್‌ನಷ್ಟು ರಕ್ತ ಹೋದಾಗ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಮೈಯಲ್ಲಿ ಉಳಿದಿರುವುದೇ ಆ ಕೆಲಸಕ್ಕೆ ಸಾಕು. ಆದರೆ ಮೈಯಲ್ಲಿನ ರಕ್ತದ ಬಹುಪಾಲು ಹರಿದುಹೋಗುವಂತಹ ಸಂದರ್ಭದಲ್ಲಿ ತೊಳೆದ ಕೆಂಪು ಕಣಗಳನ್ನಷ್ಟೇ ಮತ್ತೆಮತ್ತೆ ಏರಿಸುತ್ತ ಹೋದರೆ ಹಿಮೋಗ್ಲೋಬಿನ್ ಚೆನ್ನಾಗಿಯೇ ಕಾಣುತ್ತದೆ, ಆದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆಗ ದಾನಿಗಳಿಂದ ಬಂದ ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಬೇಕೇ ಬೇಕು. ಸೆಲ್ ಸೇವರ್ ಇದ್ದರೂ ರಕ್ತ ತಯಾರಿಟ್ಟುಕೊಳ್ಳಿ ಎಂದು ಆಸ್ಪತ್ರೆಯವರು ಹೇಳುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಲೆಕ್ಕದಲ್ಲಿದೆ. ಅರವತ್ತು ಕಿಲೋ ತೂಕದ ಒಬ್ಬರಿಗೆ ಶಸ್ತ್ರಚಿಕಿತ್ಸೆಯಲ್ಲಿ ಒಂದೂವರೆ ಲೀಟರ್ ರಕ್ತ ಹೋಯಿತೆಂದು ಇಟ್ಟುಕೊಳ್ಳೋಣ. ಸಲೈನ್ ಏರಿಸಿರುವುದರಿಂದ ಆ ಹೊತ್ತಿನ ರಕ್ತ ತುಸು ತೆಳುವಾಗಿರುತ್ತದೆ. ಅದರಲ್ಲಿ ಕೆಂಪು ಕಣಗಳ ಪಾಲು ಶೇಕಡಾ 30 ಎಂದರೆ ಹೋದದ್ದು 450 ಮಿಲಿಲೀಟರ್ ಕೆಂಪು ಕಣ. ಬಟ್ಟೆಯಲ್ಲಿ ಉಳಿದದ್ದು, ಒಡೆದದ್ದು, ನೆಲಕ್ಕೆ ಬಿದ್ದದ್ದು ಬಿಟ್ಟು ಅರ್ಧದಷ್ಟನ್ನು ಉಳಿಸಿಕೊಂಡರೆ ಸಿಗುವುದು 225 ಮಿಲಿಲೀಟರ್. ದಾನಿಯೊಬ್ಬರು ಕೊಡುವ 350 ಮಿಲಿಲೀಟರ್ ರಕ್ತದಲ್ಲಿ ಕೆಂಪು ಕಣಗಳು ಸುಮಾರು 140 ಮಿಲಿಲೀಟರ್ ಇರುತ್ತವೆ. ಹಾಗಾದರೆ ಯಂತ್ರ ಉಳಿಸಿಕೊಟ್ಟದ್ದು ಒಂದೂವರೆ ಚೀಲಕ್ಕಿಂತ ತುಸು ಹೆಚ್ಚು. ಇದು ವಿವರಣೆಗಾಗಿ ಹಾಕಿದ ಲೆಕ್ಕ. ಒಬ್ಬೊಬ್ಬ ರೋಗಿಯಲ್ಲಿ ಒಂದೊಂದು ರೀತಿ ಇರುತ್ತದೆ. ಆದರೂ ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹರಿದದ್ದೆಲ್ಲ ಮರಳುವುದಿಲ್ಲ, ಮರಳಿದ್ದು ಹಲವರಿಗೆ ಬೇರೆಯವರ ರಕ್ತದ ಅಗತ್ಯವನ್ನೇ ತಪ್ಪಿಸುವಷ್ಟಿರುತ್ತದೆ.

ಮರಳಿ ಬಂದ ಕಣಗಳ ಗುಣಮಟ್ಟದ ಬಗ್ಗೆ ಆತಂಕ ಬೇಡ. ವಾರಗಟ್ಟಲೆ ತಣ್ಣಗೆ ಇಟ್ಟ ಕೆಂಪು ಕಣಗಳಲ್ಲಿ ಆಮ್ಲಜನಕವನ್ನು ಅಂಗಾಂಶಗಳಿಗೆ ಸಲೀಸಾಗಿ ಬಿಟ್ಟುಕೊಡಲು ನೆರವಾಗುವ ಒಂದು ರಾಸಾಯನಿಕ ಕಡಿಮೆಯಾಗಿರುತ್ತದೆ. ಅದು ರೋಗಿಯ ಮೈ ಸೇರಿದ ಮೇಲೆ ನಿಧಾನವಾಗಿ ಸರಿಹೋಗುತ್ತದೆ. ಆಗಷ್ಟೇ ಹರಿದು, ತೊಳೆದು, ಮರಳಿಸಿದ ಕಣಗಳಲ್ಲಿ ಈ ಕೊರತೆ ಇರುವುದಿಲ್ಲ. ಗುಂಪು ಹೊಂದಿಸುವ ಪರೀಕ್ಷೆಯೂ ಬೇಡ, ಪ್ರತಿಕಾಯಗಳ ಭಯವೂ ಇಲ್ಲ.

ಯಾವ ಶಸ್ತ್ರಚಿಕಿತ್ಸೆಗಳಲ್ಲಿ ಉಪಯೋಗ

ವಯಸ್ಕರಲ್ಲಿ 500 ಮಿಲಿಲೀಟರ್‌ಗಿಂತ ಹೆಚ್ಚು, ಅಥವಾ ಮೈಯಲ್ಲಿರುವ ರಕ್ತದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ರಕ್ತಸ್ರಾವ ನಿರೀಕ್ಷಿಸುವಲ್ಲಿ ಇದನ್ನು ಪರಿಗಣಿಸಬೇಕೆಂದು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘದ 2018ರ ಮಾರ್ಗಸೂಚಿ ಹೇಳುತ್ತದೆ. ಹೃದಯದ ಶಸ್ತ್ರಚಿಕಿತ್ಸೆ, ಮಹಾಪಧಮನಿಯ ದುರಸ್ತಿ, ಬೆನ್ನುಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆ, ಮೊದಲು ಹಾಕಿದ ಸೊಂಟದ ಕೀಲನ್ನು ತೆಗೆದು ಮತ್ತೆ ಹಾಕುವುದು, ಯಕೃತ್ತಿನ ಕಸಿ, ಅಪಘಾತದಲ್ಲಿ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿದ ಸಂದರ್ಭ, ಇವೆಲ್ಲ ಆ ಸಾಲಿಗೆ ಸೇರುತ್ತವೆ. ಹರ್ನಿಯಾ, ಅಪೆಂಡಿಕ್ಸ್, ಪಿತ್ತಕೋಶದಂತಹವುಗಳಲ್ಲಿ ಇದರ ಅಗತ್ಯವೇ ಬೀಳುವುದಿಲ್ಲ.

2010ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯೊಂದು 75 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಈ ವಿಧಾನ ಬಳಸಿದವರಲ್ಲಿ ಬೇರೆಯವರ ಕೆಂಪು ಕಣ ಬೇಕಾಗುವ ಸಂಭವ ಶೇಕಡಾ 38ರಷ್ಟು ತಗ್ಗಿತೆಂದು ಲೆಕ್ಕ ಹಾಕಿತು. ಮೂಳೆಯ ಶಸ್ತ್ರಚಿಕಿತ್ಸೆಗಳಲ್ಲಿ ಲಾಭ ಹೆಚ್ಚು, ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಅದಕ್ಕಿಂತ ಕಡಿಮೆ ಕಂಡಿತು. ಅಂದಿನಿಂದೀಚೆಗೆ ರಕ್ತಸ್ರಾವವನ್ನೇ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಔಷಧದ ಬಳಕೆ ವ್ಯಾಪಕವಾಗಿರುವುದರಿಂದ, ಮೊದಲ ಸಲದ ಮಂಡಿ ಕೀಲು ಬದಲಾವಣೆಯಂತಹ ಶಸ್ತ್ರಚಿಕಿತ್ಸೆಗಳಲ್ಲಿ ಯಂತ್ರದ ಅಗತ್ಯ ಹಿಂದಿಗಿಂತ ಕಡಿಮೆಯಾಗಿದೆ. ಹರಿದ ರಕ್ತವನ್ನು ಹಿಡಿಯುವುದಕ್ಕಿಂತ ಹರಿಯದಂತೆ ನೋಡಿಕೊಳ್ಳುವುದು ಯಾವಾಗಲೂ ಮೇಲು.

ಅಪರೂಪದ ಗುಂಪಿನವರಿಗೂ, ಪ್ರತಿಕಾಯಗಳ ಕಾರಣದಿಂದ ಹೊಂದುವ ರಕ್ತ ಸಿಗದವರಿಗೂ ರಕ್ತಸ್ರಾವದ ನಿರೀಕ್ಷೆ ಕಡಿಮೆಯಿದ್ದರೂ ಇದನ್ನು ಸಜ್ಜು ಮಾಡಿಡುವುದುಂಟು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ಬೇರೆಯವರ ರಕ್ತವನ್ನು ಸ್ವೀಕರಿಸುವುದಿಲ್ಲ. ಅವರಲ್ಲಿ ಹಲವರು, ತಮ್ಮ ರಕ್ತ ಮೈಯೊಂದಿಗೆ ಕೊಳವೆಯ ಸಂಪರ್ಕ ಕಡಿಯದಂತೆ ಸುತ್ತಿ ಬರುವುದಾದರೆ ಈ ವಿಧಾನವನ್ನು ಒಪ್ಪುತ್ತಾರೆ.

ಹೆರಿಗೆ ಮತ್ತು ಕ್ಯಾನ್ಸರ್: ಬಹುಕಾಲ ಚರ್ಚೆಯಲ್ಲಿದ್ದ ಎರಡು ಸಂದರ್ಭಗಳು

ಹೆರಿಗೆಯ ರಕ್ತಸ್ರಾವ ತಾಯಂದಿರ ಸಾವಿಗೆ ಇಂದಿಗೂ ದೊಡ್ಡ ಕಾರಣ. ಸಿಸೇರಿಯನ್‌ನಲ್ಲಿ ಹರಿದ ರಕ್ತವನ್ನು ಮರಳಿಸಬಹುದೇ ಎಂಬ ಪ್ರಶ್ನೆಗೆ ವೈದ್ಯರು ಬಹುಕಾಲ ಹಿಂಜರಿದರು, ಏಕೆಂದರೆ ಆ ರಕ್ತದಲ್ಲಿ ಮಗುವನ್ನು ಸುತ್ತುವರಿದಿದ್ದ ಗರ್ಭದ ನೀರು ಬೆರೆತಿರುತ್ತದೆ. ಅದು ತಾಯಿಯ ರಕ್ತನಾಳ ಸೇರಿದರೆ ಅಪರೂಪವಾದರೂ ಮಾರಕವಾದ ಸ್ಥಿತಿಯೊಂದು ಉಂಟಾಗಬಹುದೆಂಬ ಭಯವಿತ್ತು. ತೊಳೆತ ಮತ್ತು ಬಿಳಿ ಕಣಗಳನ್ನು ತಡೆಯುವ ವಿಶೇಷ ಶೋಧಕ ಎರಡೂ ಸೇರಿ ಗರ್ಭದ ನೀರಿನ ಅಂಶಗಳನ್ನು ಬಹುಪಾಲು ತೆಗೆದುಹಾಕುತ್ತವೆ ಎಂದು ಪ್ರಯೋಗಗಳು ತೋರಿಸಿದ ಮೇಲೆ ಈ ಹಿಂಜರಿಕೆ ಕಡಿಮೆಯಾಯಿತು. ಬ್ರಿಟನ್ನಿನ 26 ಹೆರಿಗೆ ಘಟಕಗಳಲ್ಲಿ 3,028 ಮಹಿಳೆಯರನ್ನು ಒಳಗೊಂಡು ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಯಂತ್ರ ಬಳಸಿದ ಗುಂಪಿನ ಶೇಕಡಾ 2.5ರಷ್ಟು ಮಂದಿಗೂ ಬಳಸದ ಗುಂಪಿನ ಶೇಕಡಾ 3.5ರಷ್ಟು ಮಂದಿಗೂ ದಾನಿಯ ರಕ್ತ ಬೇಕಾಯಿತು. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎಂಬಷ್ಟು ಚಿಕ್ಕದಾದ್ದರಿಂದ ಪ್ರತಿಯೊಂದು ಸಿಸೇರಿಯನ್‌ಗೂ ಯಂತ್ರ ಬೇಕೆಂಬ ವಾದಕ್ಕೆ ಬೆಂಬಲ ಸಿಗಲಿಲ್ಲ. ಹೆರಿಗೆಯ ದಾರಿಗೆ ಅಡ್ಡವಾಗಿ ಮಾಸು ಕೂತಿರುವ, ಅಥವಾ ಮಾಸು ಗರ್ಭಕೋಶದ ಗೋಡೆಯೊಳಗೆ ಬೇರೂರಿರುವಂತಹ, ಭಾರಿ ರಕ್ತಸ್ರಾವ ಖಚಿತವೆನ್ನಬಹುದಾದ ಹೆರಿಗೆಗಳಲ್ಲಿ ಇದರ ನೆರವು ದೊಡ್ಡದು.

ಒಂದು ಎಚ್ಚರಿಕೆ ಮಾತ್ರ ತಪ್ಪದೆ ಇರಬೇಕು. ಯಂತ್ರಕ್ಕೆ ತಾಯಿಯ ಕೆಂಪು ಕಣ ಯಾವುದು, ಮಗುವಿನ ಕೆಂಪು ಕಣ ಯಾವುದು ಎಂಬುದು ತಿಳಿಯುವುದಿಲ್ಲ. ತಾಯಿಯ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ, ಮರಳಿಸಿದ ರಕ್ತದ ಜೊತೆ ಮಗುವಿನ ಕಣಗಳೂ ತಾಯಿಯ ಮೈ ಸೇರಿ ಮುಂದಿನ ಬಸುರಿಗೆ ತೊಂದರೆ ಕೊಡಬಲ್ಲವು. ಇಂತಹ ತಾಯಂದಿರಿಗೆ ರಕ್ತ ಪರೀಕ್ಷೆ ಮಾಡಿ, ತಕ್ಕ ಪ್ರಮಾಣದ ಆಂಟಿ-ಡಿ ಚುಚ್ಚುಮದ್ದನ್ನು ಕೊಡಬೇಕು.

ಕ್ಯಾನ್ಸರ್ ಗಡ್ಡೆ ತೆಗೆಯುವಾಗ ಹರಿದ ರಕ್ತದಲ್ಲಿ ಕ್ಯಾನ್ಸರ್ ಕೋಶಗಳಿರಬಹುದು, ಅವನ್ನು ಮರಳಿಸಿದರೆ ರೋಗ ಹರಡುವುದೇ ಎಂಬುದು ಎರಡನೆಯ ಆತಂಕ. ಬಿಳಿ ಕಣಗಳ ಶೋಧಕ ಈ ಕೋಶಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಮೂತ್ರಕೋಶ, ಪ್ರಾಸ್ಟೇಟ್ ಮುಂತಾದ ಅಂಗಗಳ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಬಳಸಿದ್ದರಿಂದ ರೋಗ ಮರುಕಳಿಸುವುದು ಹೆಚ್ಚಿತೆಂಬುದಕ್ಕೆ ಪುರಾವೆ ದೊರೆತಿಲ್ಲ. ಆದರೂ ಗಡ್ಡೆಯ ಹತ್ತಿರ ಕೆಲಸ ಮಾಡುವಾಗ ಹೀರುವುದನ್ನು ನಿಲ್ಲಿಸುವುದು, ಸಾಧಕಬಾಧಕಗಳನ್ನು ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರು ಅನುಸರಿಸುವ ಕ್ರಮ.

ಬಳಸಬಾರದ ಸಂದರ್ಭಗಳು

ಕರುಳು ತೂತಾಗಿ ಮಲ ಬೆರೆತ ರಕ್ತ, ಕೀವು ಸೇರಿದ ರಕ್ತ, ಇವನ್ನು ತೊಳೆತ ಪೂರ್ತಿಯಾಗಿ ಶುದ್ಧಗೊಳಿಸಲಾರದು. ಬೇರೆ ದಾರಿಯೇ ಇಲ್ಲದೆ ಪ್ರಾಣ ಹೋಗುವ ಸ್ಥಿತಿ ಬಂದರೆ ಮಾತ್ರ ವೈದ್ಯರು ಆ ಅಪಾಯವನ್ನು ತೂಗಿ ನೋಡುತ್ತಾರೆ. ಗಾಯ ತೊಳೆಯಲು ಬಳಸುವ ಪೊವಿಡೋನ್ ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್, ರಕ್ತ ನಿಲ್ಲಿಸಲು ಗಾಯದ ಮೇಲೆ ಹಚ್ಚುವ ಪದಾರ್ಥಗಳು, ಕೀಲು ಕೂಡಿಸುವ ಸಿಮೆಂಟು ಇವು ಕೊಳವೆಯೊಳಗೆ ಹೋಗಬಾರದು. ಅವನ್ನು ಬಳಸುವ ಹೊತ್ತಿನಲ್ಲಿ ಮಾಮೂಲಿ ಸಕ್ಷನ್ ಕೊಳವೆಗೆ ಬದಲಾಯಿಸಿಕೊಳ್ಳುತ್ತಾರೆ. ಶುದ್ಧ ಭಟ್ಟಿನೀರು ಕೂಡ ಇಲ್ಲಿ ಅಪಾಯಕಾರಿ, ಏಕೆಂದರೆ ಉಪ್ಪಿಲ್ಲದ ನೀರಿನಲ್ಲಿ ಕೆಂಪು ಕಣಗಳು ಉಬ್ಬಿ ಒಡೆದುಹೋಗುತ್ತವೆ. ಸಿಕಲ್ ಸೆಲ್ ಕಾಯಿಲೆ ಇರುವವರ ಕಣಗಳು ಈ ಪ್ರಕ್ರಿಯೆಯಲ್ಲಿ ಆಕಾರಗೆಡುವ ಸಂಭವವಿರುವುದರಿಂದ ಅವರಲ್ಲಿ ಸಾಮಾನ್ಯವಾಗಿ ಬಳಸುವುದಿಲ್ಲ.

ಈ ವಿಚಾರ ಬೆಳೆದು ಬಂದ ದಾರಿ

ಹರಿದ ರಕ್ತವನ್ನು ಮರಳಿಸುವ ಯೋಚನೆ ರಕ್ತದ ಗುಂಪುಗಳ ತಿಳಿವಿಗಿಂತ ಹಳೆಯದು. ಹೆರಿಗೆಯ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ಕಂಡು ನೊಂದ ಲಂಡನ್ನಿನ ವೈದ್ಯ ಜೇಮ್ಸ್ ಬ್ಲಂಡೆಲ್ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿಯೇ ಈ ದಿಕ್ಕಿನಲ್ಲಿ ಆಲೋಚಿಸಿದ್ದರು. 1886ರಲ್ಲಿ ಎಡಿನ್‌ಬರೋದ ಜಾನ್ ಡಂಕನ್ ಕಾಲು ಕತ್ತರಿಸುವ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯ ರಕ್ತವನ್ನೇ ಮರಳಿಸಿದ್ದನ್ನು ವರದಿ ಮಾಡಿದರು. 1914ರಲ್ಲಿ ಜರ್ಮನಿಯ ಯೋಹಾನ್ನೆಸ್ ಥೀಸ್, ಗರ್ಭನಾಳದಲ್ಲಿ ನಿಂತ ಗರ್ಭ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿದ್ದ ಮಹಿಳೆಯರಿಗೆ ಅದೇ ರಕ್ತವನ್ನು ಸೋಸಿ ಏರಿಸಿದರು. ಯಂತ್ರವಿಲ್ಲದ ಬಡ ನಾಡುಗಳ ಆಸ್ಪತ್ರೆಗಳಲ್ಲಿ ಬೇರೆ ರಕ್ತ ಸಿಗದಾಗ, ಹಲವು ಪದರದ ಶುದ್ಧ ಬಟ್ಟೆಯಲ್ಲಿ ಸೋಸಿ ಸಿಟ್ರೇಟ್ ಇರುವ ಚೀಲಕ್ಕೆ ತುಂಬಿ ಏರಿಸುವ ಈ ವಿಧಾನ ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸಿದೆ.

ಯಂತ್ರದ ಕಾಲ ಆರಂಭವಾದದ್ದು 1970ರ ಆಸುಪಾಸಿನಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ಅಮೆರಿಕದ ಶಸ್ತ್ರಚಿಕಿತ್ಸಕ ಜೆರಾಲ್ಡ್ ಕ್ಲೆಬನಾಫ್ ಅವರ ಪ್ರಯತ್ನದಿಂದ. ಆ ಮೊದಲ ಯಂತ್ರ ರಕ್ತವನ್ನು ಸೋಸುತ್ತಿತ್ತೇ ಹೊರತು ತೊಳೆಯುತ್ತಿರಲಿಲ್ಲ, ಮತ್ತು ಗಾಳಿ ರಕ್ತನಾಳ ಸೇರುವ ಅಪಾಯವೂ ಅದರಲ್ಲಿತ್ತು. ತಿರುಗುವ ಬಟ್ಟಲಿನಲ್ಲಿ ತೊಳೆಯುವ ಯಂತ್ರಗಳು ಅದೇ ದಶಕದಲ್ಲಿ ಬಂದ ಮೇಲೆಯೇ ಈ ವಿಧಾನ ನೆಲೆ ಕಂಡುಕೊಂಡಿತು.

ಖರ್ಚು ಮತ್ತು ನಮ್ಮ ಜಿಲ್ಲೆಗಳ ರೋಗಿಗಳು

ಯಂತ್ರವನ್ನು ಒಮ್ಮೆ ಕೊಂಡರೆ ಸಾಕು, ಆದರೆ ಕೊಳವೆ, ಸಂಗ್ರಹಪಾತ್ರೆ, ಬಟ್ಟಲು, ಚೀಲಗಳನ್ನು ಒಳಗೊಂಡ ಸಾಮಗ್ರಿ ಒಬ್ಬ ರೋಗಿಗೆ ಒಂದೇ ಸಲ ಬಳಕೆಯಾಗುತ್ತದೆ. ಖರ್ಚು ಮುಖ್ಯವಾಗಿ ಇದರದು. ರಕ್ತ ಎಷ್ಟು ಹೋಗುವುದೋ ಎಂಬ ಅನುಮಾನವಿದ್ದಾಗ ಮೊದಲು ಸಂಗ್ರಹದ ಭಾಗವನ್ನಷ್ಟೇ ಜೋಡಿಸಿ, ತೊಳೆಯುವಷ್ಟು ರಕ್ತ ಕೂಡಿದರೆ ಮಾತ್ರ ಬಟ್ಟಲಿನ ಭಾಗವನ್ನು ಬಿಚ್ಚುವ ಪದ್ಧತಿ ಇದೆ. ಹೀಗೆ ಮಾಡಿದರೆ ರಕ್ತ ಹೆಚ್ಚು ಹೋಗದಿದ್ದಾಗ ಪೂರ್ತಿ ಖರ್ಚು ಬೀಳುವುದಿಲ್ಲ. ಕೈಯಿಂದ ದುಡ್ಡು ಹಾಕಿ ಚಿಕಿತ್ಸೆ ಪಡೆಯುವ ಕುಟುಂಬಗಳು ಈ ವಿಷಯವನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಎಲ್ಲ ಆಸ್ಪತ್ರೆಗಳಲ್ಲೂ ಈ ಯಂತ್ರ ಇರುವುದಿಲ್ಲ. ಇರುವಲ್ಲಿಯೂ ರಾತ್ರಿ ಬಂದ ತುರ್ತು ರೋಗಿಗೆ ಅದನ್ನು ನಡೆಸಬಲ್ಲ ತಂತ್ರಜ್ಞರು ಹಾಜರಿರಬೇಕು.

ಯಂತ್ರ ಸಿಗಲಿ ಬಿಡಲಿ, ರೋಗಿಯ ಕೈಯಲ್ಲೇ ಇರುವ ಒಂದು ಉಪಾಯಕ್ಕೆ ಇನ್ನಷ್ಟು ಗಮನ ಸಲ್ಲಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಅದು ಸುಮಾರು ಶೇಕಡಾ 48. ಹಿಮೋಗ್ಲೋಬಿನ್ ಮೊದಲೇ ಕಡಿಮೆಯಿರುವವರು ಸ್ವಲ್ಪ ರಕ್ತ ಕಳೆದುಕೊಂಡರೂ ಅಪಾಯದ ಗೆರೆ ಮುಟ್ಟುತ್ತಾರೆ, ಮತ್ತು ಅವರಿಂದ ಹರಿದ ರಕ್ತದಲ್ಲಿ ಕಣಗಳೇ ಕಡಿಮೆಯಿರುವುದರಿಂದ ಯಂತ್ರ ಮರಳಿಸುವುದೂ ಕಡಿಮೆ. ಗರ್ಭಕೋಶ, ಕೀಲು, ಬೆನ್ನುಮೂಳೆಯಂತಹ, ಕೆಲವು ವಾರ ಕಾಯಬಹುದಾದ ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತಹೀನತೆಯ ಕಾರಣ ಕಂಡುಹಿಡಿದು, ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಮಾತ್ರೆ ಅಥವಾ ಚುಚ್ಚುಮದ್ದು ಪಡೆದು ಹಿಮೋಗ್ಲೋಬಿನ್ ಏರಿಸಿಕೊಂಡು ಹೋದರೆ, ಬೇರೆಯವರ ರಕ್ತದ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ.

ಸಹಿ ಮಾಡುವ ಮುನ್ನ ಕೇಳಬಹುದಾದದ್ದು

ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನೋಡಲು ಬಂದಾಗ ಈ ಬಗ್ಗೆ ಕೇಳಲು ಸಂಕೋಚಪಡಬೇಕಾಗಿಲ್ಲ. ಎಷ್ಟು ರಕ್ತ ಹೋಗಬಹುದೆಂಬ ಅಂದಾಜಿದೆ, ಸೆಲ್ ಸೇವರ್ ಇಲ್ಲಿ ಲಭ್ಯವಿದೆಯೇ, ನಮ್ಮ ರೋಗಿಗೆ ಅದು ಹೊಂದುತ್ತದೆಯೇ, ಖರ್ಚು ಪ್ಯಾಕೇಜಿನೊಳಗೆ ಬರುತ್ತದೆಯೇ ಹೊರಗೆ ಬರುತ್ತದೆಯೇ, ಅದಿದ್ದರೂ ಎಷ್ಟು ಯೂನಿಟ್ ದಾನಿಯ ರಕ್ತ ತಯಾರಿರಬೇಕು ಎಂಬುದನ್ನೆಲ್ಲ ಕನ್ನಡದಲ್ಲಿಯೇ ಕೇಳಿ ಉತ್ತರ ಪಡೆಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ರಕ್ತದ ಕಾಯಿಲೆ ಇದ್ದರೆ, ಹಿಂದೆ ರಕ್ತ ಏರಿಸಿಕೊಂಡಾಗ ಚಳಿಜ್ವರ ಬಂದಿದ್ದರೆ ಅದನ್ನು ಅದೇ ಹೊತ್ತಿನಲ್ಲಿ ಹೇಳಬೇಕು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಎಷ್ಟು ಮಿಲಿಲೀಟರ್ ಸ್ವಂತ ರಕ್ತವನ್ನು ಮರಳಿಸಿದರು, ಬೇರೆಯವರ ರಕ್ತ ಎಷ್ಟು ಚೀಲ ಕೊಟ್ಟರು ಎಂಬ ವಿವರವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಯಿಸಿಕೊಂಡು ಇಟ್ಟುಕೊಳ್ಳಬೇಕು. ಮುಂದೊಮ್ಮೆ ರಕ್ತ ಬೇಕಾದಾಗ ಪ್ರತಿಕಾಯಗಳನ್ನು ಹುಡುಕಬೇಕೇ ಎಂಬುದನ್ನು ನಿರ್ಧರಿಸಲು ರಕ್ತನಿಧಿಯ ವೈದ್ಯರು ಈ ಮಾಹಿತಿಯನ್ನೇ ಮೊದಲು ಕೇಳುತ್ತಾರೆ.